ನಮ್ಮ ಹುಡುಗಿಗೆ ಆ ಪರೀಕ್ಷೆ ಬೇಡ

ಜೂನ್ ೩, ಮಂಗಳವಾರ

ಇವತ್ತು ಬರೆಯದೆ ಮಲಗಿದರೆ ನಿದ್ದೆ ಹತ್ತುವುದಿಲ್ಲ. ನಾನು ಅಜ್ಜಿಯಾಗುತ್ತೇನೆ.

ಹೋಟೆಲಿನ ದೊಡ್ಡ ಚಾದರಗಳನ್ನು ಮಡಚುತ್ತಿದ್ದೆವು. ಮಗಳು ಆ ತುದಿ, ನಾನು ಈ ತುದಿ. ನಮ್ಮ ಲಾಂಡ್ರಿಯಲ್ಲಿ ದೊಡ್ಡ ಮಾತೆಲ್ಲ ನಡೆಯುವುದು ಹೀಗೇ. ಎರಡೂ ಕೈ ತುಂಬಿರುತ್ತವೆ, ಮುಖಕ್ಕೆ ಮುಖ ಕೊಡಲೇಬೇಕು, ಒಂದೊಂದು ಮಡಿಕೆಗೂ ಹೆಜ್ಜೆ ಹತ್ತಿರ ಹಾಕಲೇಬೇಕು. ಸಿಟ್ಟು ಬಂತೆಂದು ಬಿಟ್ಟು ಹೋಗುವ ಹಾಗಿಲ್ಲ, ನೆಲಕ್ಕೆ ಬಿದ್ದದ್ದನ್ನು ಮತ್ತೆ ಒಗೆಯಬೇಕು. ನನ್ನ ಮನೆಯವರು ತಮಗೆ ಕಾಯಿಲೆ ಎಂದು ಹೇಳಿದ್ದು ಚಾದರದ ಆ ತುದಿಯಿಂದಲೇ. ಮಗಳು ಲಿಫ್ಟ್ ರಿಪೇರಿಯವನನ್ನು ಮದುವೆಯಾಗುತ್ತೇನೆ ಅಂದದ್ದೂ ಹಾಗೆಯೇ.

ಇವತ್ತು ಅವಳು ಮೂಗು ಸೊಟ್ಟ ಮಾಡಿ ಮುಖ ತಿರುಗಿಸಿದಳು. "ಸೋಡಾ ವಾಸನೆ ಆಗ್ತಿಲ್ಲ ಅಮ್ಮ."

"ಹುಟ್ಟಿದಾಗಿಂದ ಆಗಿದ್ದು ಇವತ್ತೇನು ಹೊಸದಾಗಿ?"

"ಇವತ್ತು ನಾನೊಬ್ಬಳೇ ಅಲ್ಲ."

ನನಗೆ ಅರ್ಥವಾಗಲು ಇನ್ನೊಂದು ಮಡಿಕೆ ಬೇಕಾಯಿತು. ಆಮೇಲೆ ಚಾದರವನ್ನೂ ಅವಳನ್ನೂ ಒಟ್ಟಿಗೇ ತಬ್ಬಿಕೊಂಡೆ.

ಕೌಂಟರಿನಲ್ಲಿ ಕೂತಿದ್ದ ನನ್ನ ತಮ್ಮನಿಗೆ ಹೇಳಿದೆವು. ಅವನಿಗೆ ಬೇರೆ ಹೆಸರಿದೆ, ಆದರೆ ದಿನಾ ಟೈ ಕಟ್ಟಿಕೊಂಡು "ಚೀಟಿ ಎಲ್ಲಿ?" ಎಂದು ಗಿರಾಕಿಗಳನ್ನು ಗದರುವವನನ್ನು ಬೀದಿಯವರೆಲ್ಲ ಯಜಮಾನ ಎಂದೇ ಕರೆಯುವುದು. "ಹಂಗಾದ್ರೆ ನಾನು ಅಜ್ಜನಾ?" ಅಂದ.

"ಚಿಕ್ಕಜ್ಜ," ಅಂದಳು ಮಗಳು.

"ಚಿಕ್ಕ ಬೇಡ. ಬರೀ ಅಜ್ಜ."

ಇನ್ನೂ ಯಾರಿಗೂ ಹೇಳಬೇಡ ಎಂದು ಮಗಳು ನನ್ನಿಂದ ಮಾತು ತೆಗೆದುಕೊಂಡಳು. ಸಂಜೆ ಎದುರು ಮನೆಯ ಮೇಷ್ಟ್ರು ಬಿಳಿ ಅಂಗಿಗಳನ್ನು ತಂದಾಗ ಹೇಳಿಬಿಟ್ಟೆ. ಮೇಷ್ಟ್ರೇನು ಹೊರಗಿನವರೇ?

ಜೂನ್ ೫, ಗುರುವಾರ

ಮಗಳ ಜೊತೆ ಹೆರಿಗೆ ಡಾಕ್ಟರ ಹತ್ತಿರ ಹೋಗಿದ್ದೆ. ಅಳಿಯನಿಗೆ ರಜೆ ಸಿಗಲಿಲ್ಲ. ಸಿಕ್ಕಿದ್ದರೂ ನಾನು ಹೋಗುತ್ತಿದ್ದೆ.

ಆ ಆಸ್ಪತ್ರೆಯ ಪರದೆ, ಹಾಸು, ಡಾಕ್ಟರ ಕೋಟು ಎಲ್ಲ ಬರುವುದು ನಮ್ಮಲ್ಲಿಗೇ. ನನ್ನ ಮಗಳು ಮಲಗಿದ ಹಾಸಿನ ಅಂಚು ನೋಡಿದೆ, ನನ್ನ ಇಸ್ತ್ರಿಯದೇ. ಒಂದು ಗೆರೆ ಆಚೆ ಈಚೆ ಇಲ್ಲ. ಎದೆ ತುಂಬಿ ಬಂತು. ಎಲ್ಲ ಚೆನ್ನಾಗಿದೆ ಅಂದರು ಡಾಕ್ಟರು. ನನ್ನ ಮಗಳಷ್ಟೇ ವಯಸ್ಸಿನ ಹುಡುಗಿ ಆಕೆ, ಆದರೆ ಮಾತು ನಿಧಾನ.

ಆಮೇಲೆ ಕೈ ಒರೆಸಿಕೊಳ್ಳುತ್ತ ಆ ವಿಷಯ ತೆಗೆದರು. "ಬಸಿರಿಗೆ ಹತ್ತು ವಾರ ತುಂಬಿದ್ಮೇಲೆ ಒಂದು ರಕ್ತಪರೀಕ್ಷೆ ಇದೆ. ಮಗುಗೆ ಕೆಲವು ತೊಂದರೆ ಇರೋ ಸಾಧ್ಯತೆ ಜಾಸ್ತಿನಾ ಕಮ್ಮಿನಾ ಅಂತ ಹೇಳುತ್ತೆ. ಅಂದಾಜು ಅಷ್ಟೆ. ಖಚಿತ ಆಗ್ಬೇಕು ಅಂದ್ರೆ ಬೇರೆ ಪರೀಕ್ಷೆ ಬೇಕು. ಮಾಡಿಸಲೇಬೇಕು ಅಂತೇನಿಲ್ಲ. ಮಾಡಿಸಿದ್ರೂ ಸರಿ, ಬಿಟ್ರೂ ಸರಿ." ಯಾವ ತೊಂದರೆಗಳು ಎಂದು ಹೇಳುವಾಗ ಮೊದಲು ಬಂದ ಹೆಸರೇ ಡೌನ್ ಸಿಂಡ್ರೋಮ್.

ನನಗೆ ಗೊತ್ತಿರುವ ಹೆಸರು. ನನ್ನ ತಮ್ಮನ ಆಸ್ಪತ್ರೆ ಕಾಗದಗಳ ಮೇಲೆಲ್ಲ ಅದೇ ಇರುವುದು.

"ಬೇಡ ಡಾಕ್ಟ್ರೇ," ಅಂದೆ. "ನಮ್ಮ ಮನೇಲಿ ಅಂಥದಕ್ಕೆ ಹೆದರೋರು ಯಾರೂ ಇಲ್ಲ."

"ಅಮ್ಮ, ಅವರು ಕೇಳಿದ್ದು ನನ್ನ," ಅಂದಳು ಮಗಳು. ಡಾಕ್ಟರು ಕ್ಯಾಲೆಂಡರ್ ತಿರುಗಿಸಿದರು. ಇಪ್ಪತ್ತೈದಕ್ಕೆ ಒಂದು ಸಮಯ ಬರೆದಿಟ್ಟುಕೊಂಡಿರುತ್ತೇವೆ, ಬೇಡವೆನಿಸಿದರೆ ಫೋನ್ ಮಾಡಿ ಸಾಕು ಅಂದರು.

ದಾರಿಯಲ್ಲಿ ಕೇಳಿದೆ, "ಏನು ಮಾಡ್ತೀಯಾ?"

"ಗೊತ್ತಿಲ್ಲ."

ಗೊತ್ತಿಲ್ಲವಂತೆ! ಮಾಮನ ಹೆಗಲ ಮೇಲೆ ಬೆಳೆದವಳು.

ಜೂನ್ ೮, ಭಾನುವಾರ

ಅಂಗಡಿಗೆ ರಜೆ. ಯಜಮಾನ ಬೆಳಗಿನಿಂದ ನನ್ನ ಜೊತೆ ಇಸ್ಪೀಟು ಆಡಿ ಮೋಸ ಮಾಡಿ ಗೆದ್ದ. ಎಲೆಯನ್ನು ಟೈ ಹಿಂದೆ ಇಟ್ಟುಕೊಳ್ಳುತ್ತಾನೆ. ಅದು ನನಗೆ ಗೊತ್ತಿದೆ ಎಂದು ಅವನಿಗೂ ಗೊತ್ತು.

ಅವನು ಹುಟ್ಟಿದಾಗ ನಾನು ಎರಡನೇ ತರಗತಿ. ಅಮ್ಮ ಒಗೆಯಲು ಹೋಗಬೇಕು, ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕು. ನನ್ನ ಶಾಲೆ ಅಲ್ಲಿಗೆ ನಿಂತಿತು. ಬೇಸರವೇನಿಲ್ಲ. ಅಂಗಿಗಳ ಕಾಲರಿನೊಳಗೆ ಮಸಿಯಲ್ಲಿ ಬರೆದ ಗುರುತುಗಳನ್ನು ನೋಡಿ ನೋಡಿಯೇ ಅಕ್ಷರ ಕಲಿತೆ. ಈ ಬರವಣಿಗೆಗೆ ಅದೇ ಪಾಠಶಾಲೆ. ಇವನು ಎದ್ದು ಕೂರುವುದಿಲ್ಲ, ಮಾತಾಡುವುದಿಲ್ಲ ಎಂದು ಆಗಿನ ಡಾಕ್ಟರು ಕೈ ಚೆಲ್ಲಿದ್ದರು. ಈಗ ಬಂದು ನೋಡಲಿ. ಐವತ್ತು ದಾಟಿದ್ದಾನೆ, ಬಾಯಿ ಮುಚ್ಚಿಸುವುದೇ ಕಷ್ಟ. ಚೀಟಿ ತರದ ಪೊಲೀಸಿನವನಿಗೇ ಅವನ ಪ್ಯಾಂಟು ಕೊಡದೆ ವಾಪಸು ಕಳಿಸಿದವನು ಇವನು!

ಓಡಿದರೆ ತುಟಿ ನೀಲಿಯಾಗುತ್ತಿತ್ತು ಚಿಕ್ಕಂದಿನಲ್ಲಿ. ನಾವು ಚಳಿ ಎಂದುಕೊಂಡು ಸ್ವೆಟರ್ ಹಾಕುತ್ತಿದ್ದೆವು. ಹೃದಯದಲ್ಲಿ ರಂಧ್ರ ಇದೆ ಎಂದು ತಿಳಿಯುವಾಗ ತುಂಬಾ ತಡವಾಗಿತ್ತು, ಆಪರೇಷನ್ ಮೇಜಿನಿಂದ ಬದುಕಿ ಬಂದದ್ದೇ ಹೆಚ್ಚು. ಬಂದ. ನನ್ನ ತಮ್ಮ ಅಲ್ಲವೇ!

ಇಂಥವನು ಹುಟ್ಟುತ್ತಾನೋ ಎಂದು ಮೊದಲೇ ಇಣುಕಿ ನೋಡುವ ಪರೀಕ್ಷೆಯಂತೆ. ನೋಡಿ ಏನು ಮಾಡುವವರಿದ್ದಾರೆ? ನನ್ನ ಮಗಳು ಅದಕ್ಕೆ ಕೈ ಚಾಚಿದರೆ, ಇವನ ಮುಖ ನೋಡಿ ನೀನು ಬೇಡವಾಗಿತ್ತು ಅಂದ ಹಾಗಲ್ಲವೇ? ನಾನು ಬದುಕಿರುವವರೆಗೂ ಈ ಮನೆಯಲ್ಲಿ ಅದು ನಡೆಯದು.

ಜೂನ್ ೧೧, ಬುಧವಾರ

ಆಸ್ಪತ್ರೆಯ ಗಂಟುಗಳನ್ನು ಇವತ್ತು ನಾನೇ ಕೊಟ್ಟು ಬಂದೆ. ಬೇರೆ ದಿನ ಮಗಳೇ ವ್ಯಾನಿನಲ್ಲಿ ಒಯ್ಯುತ್ತಾಳೆ. ಅವಳಿಗೆ ಬೆಳಿಗ್ಗೆ ವಾಂತಿ, ಮಧ್ಯಾಹ್ನದವರೆಗೆ ಮಲಗು ಅಂದೆ. ಆಟೋದಲ್ಲಿ ಹೋದೆ.

ಚಾದರ ಎಣಿಸಿಕೊಳ್ಳುವ ನರ್ಸು ಹಳೆಯ ಪರಿಚಯ. ಸಹಿ ಹಾಕಿಸಿಕೊಳ್ಳುವಾಗ ಹೇಳಿದೆ, "ನಮ್ಮ ಹುಡುಗಿಗೆ ಆ ಪರೀಕ್ಷೆ ಬೇಡ. ಇಪ್ಪತ್ತೈದನೇ ತಾರೀಕಿನ ಪಟ್ಟಿಯಿಂದ ಅವಳ ಹೆಸರು ತೆಗೆದುಬಿಡಿ."

"ಅವರೇ ಹೇಳಿದ್ರಾ ಅಮ್ಮಾ?"

"ಅವಳು ಬೇರೆ, ನಾನು ಬೇರೆನಾ?"

ನರ್ಸು ಸರಿಯೋ ಅಲ್ಲವೋ ತಿಳಿಯದ ಹಾಗೆ ತಲೆ ಆಡಿಸಿ ಸಹಿ ಹಾಕಿದಳು. ಹೊರಗೆ ಬಂದಾಗ ಭಾರ ಇಳಿದ ಹಾಗಿತ್ತು. ನಮ್ಮ ಮನೆಯ ಮಾನ ಉಳಿಸಿದೆ ಎನಿಸಿತು. ತಮ್ಮನಿಗೆ ಹೊಸ ಟೈ ಕೊಂಡುಕೊಂಡು ಬಂದೆ, ಕೆಂಪು.

ಜೂನ್ ೧೨, ಗುರುವಾರ

ನರ್ಸು ಮಗಳಿಗೆ ಫೋನ್ ಮಾಡಿದ್ದಾಳೆ.

ಮಧ್ಯಾಹ್ನ ಚಾದರ ಮಡಚಲು ನಿಂತೆವು. ಮೊದಲ ಮಡಿಕೆ ಆಯಿತು. ಆಮೇಲೆ ಶುರು ಮಾಡಿದಳು.

"'ನಿಮ್ಮ ತಾಯಿ ಬಂದು ಪರೀಕ್ಷೆ ಬೇಡ ಅಂದ್ರು, ಆದ್ರೆ ನಿಮ್ಮ ಬಾಯಿಂದಾನೇ ಕೇಳ್ಬೇಕು' ಅಂದ್ರು ನರ್ಸ್. ವ್ಯಾನ್ ಬದಿಗೆ ಹಾಕಿ ಅತ್ತುಬಿಟ್ಟೆ ಅಮ್ಮ, ರಸ್ತೇಲೇ."

"ನಿನ್ನ ಒಳ್ಳೇದಕ್ಕೇ ಕಣೇ."

"ಒಳ್ಳೇದು ನಿನ್ನದು. ಹೊಟ್ಟೆ ನನ್ನದು."

"ಮಾಮನ ಮುಖ ನೋಡ್ಕೊಂಡು ನೀನು ಆ ಪರೀಕ್ಷೆ ಹೇಗೆ ಮಾಡಿಸ್ತೀಯಾ, ಹೇಳು?"

"ಮಾಡಿಸ್ತೀನಿ ಅಂತ ನಾನು ಅಂದ್ನಾ? ಯೋಚ್ನೆ ಮಾಡೋಕೂ ಬಿಡಲ್ವಲ್ಲ ನೀನು! ಒಗೆಯೋಕೆ ಬಂದ ಅಂಗಿ ಥರ ನನಗೂ ಗುರುತು ಹಾಕಿ, ಇದು ಈ ಗೂಡಿಂದು ಅಂತ ಇಟ್ಟುಬಿಟ್ಟಿದ್ದೀಯಾ."

"ಹಂಗಾದ್ರೆ ನಿಂಗೆ ಮಾಮ ಬೇಡ."

ಆ ಮಾತು ಬಾಯಿಂದ ಬಿದ್ದೇ ಹೋಯಿತು. ಆಮೇಲೆ ಅವಳು ಮಾಡಿದ್ದು ಈ ಮನೆಯಲ್ಲಿ ಇದುವರೆಗೆ ಯಾರೂ ಮಾಡದ ಕೆಲಸ. ತನ್ನ ತುದಿಯನ್ನು ಬಿಟ್ಟು ಹೋದಳು. ಒಗೆದ ಚಾದರ ನೆಲದ ಮೇಲೆ.

"ಮತ್ತೆ ಒಗೀಬೇಕು," ಅಂದ ಯಜಮಾನ ಕೌಂಟರಿನಿಂದ.

ಜೂನ್ ೧೩, ಶುಕ್ರವಾರ

ಮಾತಿಲ್ಲ.

ಚಾದರಗಳನ್ನು ತಮ್ಮನ ಜೊತೆ ಮಡಚಿದೆ. ಅವನಿಗೆ ಮೂಲೆಗೆ ಮೂಲೆ ಕೂಡಿಸುವ ತಾಳ್ಮೆ ಇಲ್ಲ, ಉಂಡೆ ಕಟ್ಟಿ ಕೈಗೆ ಕೊಟ್ಟು ಚಪ್ಪಾಳೆ ಹೊಡೆಯುತ್ತಾನೆ. ಇಷ್ಟು ವರ್ಷದ ಪರಿಚಯ ಇದ್ದೂ ಆ ನರ್ಸು ನನ್ನ ಮಾತು ನಂಬಲಿಲ್ಲವಲ್ಲ.

ಜೂನ್ ೧೭, ಮಂಗಳವಾರ

ಕದ್ದು ಕೇಳಿಸಿಕೊಳ್ಳಲಿಲ್ಲ. ಕೋಟುಗಳನ್ನು ಹ್ಯಾಂಗರಿಗೆ ಹಾಕುತ್ತ ಸಾಲಿನ ಹಿಂದೆ ಇದ್ದೆ, ಅಷ್ಟೇ. ಆಮೇಲೆ ಅಲುಗಾಡಲಿಲ್ಲ.

ಮಗಳು ವ್ಯಾನಿನ ಗಂಟು ಇಳಿಸಿ ಬಂದು ಮಾಮನ ಪಕ್ಕ ಸ್ಟೂಲು ಎಳೆದು ಕೂತಳು.

"ಮಾಮ, ನನಗೊಂದು ರಕ್ತಪರೀಕ್ಷೆ ಇದೆ. ಮಾಡಿಸ್ಲಾ ಬೇಡ್ವಾ ಗೊತ್ತಾಗ್ತಿಲ್ಲ."

"ನಾನು ಮಾಡಿಸ್ತೀನಲ್ಲ, ಥೈರಾಯ್ಡು. ಇರುವೆ ಕಚ್ಚಿದ ಹಂಗೆ. ಆ ಕಡೆ ನೋಡ್ಬೇಕು, ಸೂಜಿ ನೋಡಬಾರ್ದು."

"ಅದಲ್ಲ. ಪಾಪು ನಿನ್ನ ಥರ ಇರುತ್ತಾ ಅಂತ ನೋಡೋ ಪರೀಕ್ಷೆ."

ನನ್ನ ಕೈಯಲ್ಲಿದ್ದ ಕೋಟಿನ ತೋಳು ಹಿಂಡಿ ಹೋಯಿತು. ಇಷ್ಟು ವರ್ಷ ಯಾರ ಬಾಯಿಂದಲೂ ಅವನಿಗೆ ಕೇಳಿಸದ ಹಾಗೆ ಕಾಪಾಡಿದ ಮಾತು.

ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ನನ್ನ ಥರಾನಾ? ಟೈ ಕಟ್ಟುತ್ತಾ?"

"ಕಟ್ಟಬಹುದು."

"ಚೆನ್ನಾಗಿರುತ್ತೆ." ಆಮೇಲೆ, "ಆಪರೇಷನ್ ಬೇಡ. ಅದು ಇರುವೆ ಅಲ್ಲ." ಅಂಗಿಯ ಮೇಲಿನಿಂದಲೇ ಎದೆಯ ಗಾಯದ ಗೆರೆ ಮುಟ್ಟಿಕೊಂಡ. ಕೈ ಅಲ್ಲೇ ಇಟ್ಟು ಕೇಳಿದ, "ಪಾಪುಗೆ ಅಕ್ಕ ಇದ್ದಾಳಾ?"

"ಇಲ್ಲ ಮಾಮ. ಇದೇ ಮೊದಲನೇದಲ್ವಾ?"

"ಅಕ್ಕ ಇಲ್ಲ ಅಂದ್ರೆ ಹೆಂಗೆ?" ಅಂದ. ಸಿಟ್ಟು ಬಂದ ಹಾಗಿತ್ತು ದನಿ. "ನನ್ನ ಥರ ಇದ್ರೆ ಅಕ್ಕ ಬೇಕು."

ಮಗಳು ಅವನ ಭುಜದ ಮೇಲೆ ತಲೆ ಇಟ್ಟಳು. "ಭಾರ," ಅಂದ ಅವನು, ಆದರೆ ಸರಿಯಲಿಲ್ಲ.

ಜೂನ್ ೧೯, ಗುರುವಾರ

ಎರಡು ದಿನದಿಂದ ಇಸ್ತ್ರಿ ಪೆಟ್ಟಿಗೆ ಎತ್ತಿದಾಗಲೆಲ್ಲ ಆ ಮಾತೇ ಕಿವಿಯಲ್ಲಿ. ಒಂದು ಬಿಳಿ ಅಂಗಿ ಸುಟ್ಟೆ. ಮೇಷ್ಟ್ರದ್ದು. ಹೊಸದು ಕೊಡಿಸಬೇಕು.

ಡ್ರೈಯರಿನ ಬಾಗಿಲು ಕೂರುತ್ತಿಲ್ಲವೆಂದು ಅಳಿಯ ಕೆಲಸ ಮುಗಿಸಿ ಬಂದು ಬಿಚ್ಚಿ ಕೂತ. ಈ ಹುಡುಗನಿಗೆ ಬೆನ್ನುಮೂಳೆ ಇಲ್ಲ, ಹೆಂಡತಿ ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾನೆ ಎಂದು ನಾನು ಹಿಂದೆ ಅಂದದ್ದುಂಟು. ಸ್ಕ್ರೂ ತಿರುಗಿಸುತ್ತಲೇ ಕೇಳಿದ, "ಅತ್ತೆ, ನಿಮಗೆ ಹೆದರಿಕೆ ಆಗಿರ್ಲಿಲ್ವಾ?"

"ಯಾವಾಗಪ್ಪ?"

"ಮಾಮನ್ನ ನೋಡ್ಕೊಳೋವಾಗ. ಅಷ್ಟು ಚಿಕ್ಕೋರಾಗಿದ್ರಿ."

"ಹೆದರಿಕೆ ಏನು ಬಂತು? ನನ್ನ ತಮ್ಮ," ಅಂದೆ.

"ನನಗಂತೂ ತುಂಬಾ ಹೆದರಿಕೆ," ಅಂದ. "ಅವಳು ಮಾಡಿಸ್ತೀನಿ ಅಂದ್ರೂ ಹೆದರಿಕೆ, ಬೇಡ ಅಂದ್ರೂ ಹೆದರಿಕೆ. ಅದಕ್ಕೇ ಏನೂ ಹೇಳೋಕೆ ಹೋಗಲ್ಲ. ಅವಳು ಮಾತಾಡ್ತಾಳೆ, ನಾನು ಕೇಳಿಸ್ಕೋತೀನಿ."

ಅವನಿಗೆ ಹಾಲು ಜಾಸ್ತಿ ಹಾಕಿ ಟೀ ಮಾಡಿಕೊಟ್ಟೆ.

ಅವನಿಗೆ ಹೇಳಿದ್ದು ಸುಳ್ಳು. ಇಲ್ಲಿ ಬರೆದಿಡುತ್ತೇನೆ, ಯಾರು ಓದುತ್ತಾರೆ. ಆಪರೇಷನ್ನಿನ ದಿನ ಅಮ್ಮನಿಗೆ ಒಳಗೆ ಕೂರಲು ಧೈರ್ಯವಾಗದೆ ನನ್ನನ್ನು ಕೂರಿಸಿದ್ದಳು. ಬೆಂಚಿನ ಕೆಳಗೆ ಹೋಗಿ ಅವಿತುಕೊಳ್ಳಬೇಕು ಎನಿಸಿತ್ತು. ತುಟಿ ನೀಲಿಯಾದಾಗ ಸ್ವೆಟರ್ ಹಾಕಿದ್ದು ನಾನೇ. ಮೊದಲೇ ಯಾರಾದರೂ ಹೇಳಿದ್ದರೆ ಅಂತ ಎಷ್ಟು ಸಲ ಅಂದುಕೊಂಡಿಲ್ಲ. ಹೇಳುವವರು ಇರಲಿಲ್ಲ. ಶಾಲೆ ಬಿಟ್ಟು ಇವನನ್ನು ನೋಡಿಕೊಳ್ಳುತ್ತೀಯಾ ಎಂದು ನನ್ನನ್ನು ಕೇಳುವವರೂ ಇರಲಿಲ್ಲ. ಕೇಳಿದ್ದರೆ ಹೂಂ ಎಂದೇ ಹೇಳುತ್ತಿದ್ದೆ. ಆದರೂ ಕೇಳಬಹುದಿತ್ತು.

ಡ್ರೈಯರಿನ ಬಾಗಿಲು ಈಗ ಸರಿಯಾಗಿದೆ. ಅಳಿಯನ ಕೈ ಒಳ್ಳೆಯದು.

ಜೂನ್ ೨೩, ಸೋಮವಾರ

ಮಗಳು ಬಂದು ಚಾದರದ ಆ ತುದಿ ಹಿಡಿದಳು!

ನಾನು ಕರೆಯಲಿಲ್ಲ. ತಮ್ಮ ಉಂಡೆ ಕಟ್ಟುವುದನ್ನು ನೋಡಲಾಗದೆ ಅವನ ಕೈಯಿಂದ ಕಿತ್ತುಕೊಂಡಳು. "ಮಾಮ, ನೀನು ಕೌಂಟರ್ ನೋಡ್ಕೋ. ಇದು ನಿನ್ನ ಡಿಪಾರ್ಟ್‌ಮೆಂಟ್ ಅಲ್ಲ." ಅವನಿಗೂ ಅದೇ ಬೇಕಿತ್ತು.

ಮೊದಲ ಮಡಿಕೆ. ಎರಡನೆಯದು. ನನ್ನ ನಾಲಿಗೆ ತುರಿಸುತ್ತಿತ್ತು, ಹಲ್ಲು ಕಚ್ಚಿ ಹಿಡಿದೆ.

"ಪರೀಕ್ಷೆ ಮಾಡಿಸ್ತೀನಿ," ಅಂದಳು.

ನಾನು ಮೂಲೆ ಕೂಡಿಸಿದೆ.

"ಮಾಮ ಬೇಡ ಅಂತ ಅಲ್ಲ, ಅದು ನಿನಗೆ ಗೊತ್ತಿರ್ಬೇಕು. ನನ್ನ ಮಗು ಹೇಗೇ ಇರ್ಲಿ, ಅದರ ಎದೇಲಿ ಏನಿದೆ ಅಂತ ಗೊತ್ತಿಲ್ದೆ ಅದಕ್ಕೆ ಸ್ವೆಟರ್ ಹಾಕ್ತಾ ಕೂರೋಕೆ ನನ್ನ ಕೈಲಿ ಆಗಲ್ಲ. ಸಾಧ್ಯತೆ ಜಾಸ್ತಿ ಅಂದ್ರೆ ಮೊದಲಿಂದಾನೇ ಹೃದಯದ ಡಾಕ್ಟರನ್ನ ಹಿಡೀಬೇಕು, ಎಲ್ಲಿ ಹೆರಿಗೆ ಅಂತ ನೋಡ್ಬೇಕು. ಅಕ್ಕ ಇಲ್ದಿರೋ ಮಗು ಅದು. ಅಕ್ಕನ ಕೆಲಸಾನೂ ನಾವೇ ಮಾಡ್ಬೇಕು."

"ಮತ್ತೆ..." ಅಂದೆ. ಮತ್ತೆ ಏನು ಎಂದು ಪೂರ್ತಿ ಮಾಡಲು ಬಾಯಿ ಬರಲಿಲ್ಲ. ಅವಳಿಗೆ ಅರ್ಥವಾಯಿತು.

"ಮತ್ತೆ ಏನು ಮಾಡ್ತೀನಿ ಅಂತ ಈಗ ಹೇಳಲ್ಲ ಅಮ್ಮ. ಗೊತ್ತಿದ್ರೆ ತಾನೇ ಹೇಳೋದು? ನಾನು ಅವರು ಕೂತು ಯೋಚ್ನೆ ಮಾಡ್ತೀವಿ. ನಿನ್ನ ಒಪ್ಪಿಗೆ ಕೇಳ್ತಿಲ್ಲ. ಸುದ್ದಿ ಹೇಳ್ತಿದ್ದೀನಿ."

ಎಂಥ ಮಾತು! ಎಷ್ಟು ಚೆಂದ ಹೇಳಿದಳು. ದನಿ ಏರಿಸಲಿಲ್ಲ, ಕಣ್ಣು ತಗ್ಗಿಸಲಿಲ್ಲ, ಚಾದರದ ಅಂಚೂ ಜಗ್ಗಲಿಲ್ಲ. ಇವಳ ವಯಸ್ಸಿನಲ್ಲಿ ನಾನು ಯಾರಿಗಾದರೂ ಹೀಗೆ ಹೇಳಿದ್ದೇನೆಯೇ ಎಂದು ಹುಡುಕಿದೆ, ಸಿಗಲಿಲ್ಲ. ಕೊನೆಯ ಮಡಿಕೆಗೆ ಮುಖ ಮುಖಕ್ಕೆ ತಾಗುವಷ್ಟು ಹತ್ತಿರ ಬಂದಳು.

"ಬುಧವಾರ ನಾನು ಬರ್ಲಾ?" ಅಂದೆ. ಕೇಳಿದೆ, ಹೇಳಲಿಲ್ಲ.

"ಬಾ. ಆದ್ರೆ ಒಳಗೆ ಮಾಮ ಬರ್ತಾನೆ. ಆಗ್ಲೇ ಬುಕ್ ಮಾಡ್ಕೊಂಡಿದ್ದಾನೆ."

ಜೂನ್ ೨೫, ಬುಧವಾರ

ಯಜಮಾನ ಕೆಂಪು ಟೈ ಕಟ್ಟಿ, ಕೂದಲಿಗೆ ನೀರು ಹಚ್ಚಿ ಎಲ್ಲರಿಗಿಂತ ಮೊದಲು ವ್ಯಾನಿನಲ್ಲಿ ಕೂತಿದ್ದ. ಅಳಿಯ ಇವತ್ತು ರಜೆ ಹಾಕಿದ್ದ. ನಾಲ್ಕು ಜನ ಹೊರಟೆವು, ಹಿಂದೆ ಆಸ್ಪತ್ರೆಯ ಗಂಟುಗಳು. ಹೋಗುವುದು ಹೇಗೂ ಹೋಗುತ್ತೇವೆ, ಖಾಲಿ ಯಾಕೆ ಹೋಗಬೇಕು?

ಡಾಕ್ಟರು ಮಗಳನ್ನು ಮತ್ತೊಮ್ಮೆ ಕೇಳಿದರು, ಎಲ್ಲ ಅರ್ಥವಾಗಿದೆಯೇ, ಸ್ವಂತ ಇಷ್ಟದಿಂದಲೇ ತಾನೇ ಎಂದು. ಹೇಳುವಾಗ ಒಮ್ಮೆ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ. "ಹೌದು," ಅಂದಳು ಮಗಳು. "ನಾನೇ ಯೋಚ್ನೆ ಮಾಡಿ ಬಂದಿದ್ದೀನಿ."

ರಕ್ತ ತೆಗೆಯುವ ಕೋಣೆಗೆ ಜೊತೆಯಲ್ಲಿ ಒಬ್ಬರನ್ನೇ ಬಿಡುವುದು. ಮಾಮ ಹೋದ. ಅಳಿಯನೂ ನಾನೂ ಬಾಗಿಲ ಹೊರಗೆ. ಒಳಗಿನಿಂದ ಅವನ ದನಿ ಕೇಳುತ್ತಿತ್ತು, "ಆ ಕಡೆ ನೋಡು. ನನ್ನ ಟೈ ನೋಡು. ಸೂಜಿ ನೋಡಬೇಡ. ಹೇ, ನಿಧಾನ ಮಾಡ್ರೀ, ಒಳಗೆ ಪಾಪು ಇದೆ!" ಕಾಯುತ್ತಿದ್ದವರೆಲ್ಲ ನಕ್ಕರು. ಅಳಿಯನ ಕಣ್ಣಲ್ಲಿ ನೀರು. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ, ಬಿಡಬೇಕು ಎನಿಸಲಿಲ್ಲ.

ಹೊರಗೆ ಬಂದ ಮೇಲೆ ಅದೇ ನರ್ಸು ಕೌಂಟರಿನಲ್ಲಿ. ಒಳ್ಳೆಯ ನರ್ಸು. ಕೆಲಸ ಎಂದರೆ ಹೀಗಿರಬೇಕು, ಯಾರೋ ಬಂದು ಏನೋ ಹೇಳಿದರು ಎಂದು ಕುಣಿಯುವುದಲ್ಲ. "ಫಲಿತಾಂಶ ಬಂದ್ಮೇಲೆ ಫೋನ್ ಮಾಡ್ತೀವಿ," ಅಂದಳು ಮಗಳಿಗೆ. "ನೀವು ವ್ಯಾನ್ ಓಡಿಸ್ತಾ ಇರ್ತೀರಿ. ಅಮ್ಮನ ನಂಬರ್ರೂ ಬರ್ಕೊಳ್ಲಾ?"

"ಬೇಡ. ನನ್ನದೊಂದೇ ಸಾಕು," ಅಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿದಳು, ನಾನು ಏನೋ ಹೇಳುತ್ತೇನೆ ಎಂದು ಗದ್ದ ಎತ್ತಿ ನಿಂತಳು. ನನ್ನಮ್ಮ ಹೀಗೆಯೇ ಗದ್ದ ಎತ್ತುತ್ತಿದ್ದಳು.

"ನಂಬರ್ ಸರಿಯಾಗಿ ಬರ್ಕೊಳಿ," ಅಂದೆ ನರ್ಸಿಗೆ. "ಫಾರಮ್ಮಲ್ಲಿ ಅವಳು ಬರೆದ ಏಳು ಒಂದರ ಹಾಗೆ ಕಾಣುತ್ತೆ."

ಅಂಗಡಿ ತೆರೆಯುವ ಹೊತ್ತಿಗೆ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು, ಸುಟ್ಟ ಅಂಗಿಯ ಬದಲು ಹೊಸದು ಒಯ್ಯಲು. ಬೀದಿಯ ಸುದ್ದಿಯೆಲ್ಲ ಅವರಿಗೆ ಮೊದಲು ತಿಳಿಯುವುದು ನನ್ನಿಂದಲೇ. ನಾಲ್ಕೂ ಜನ ವ್ಯಾನಿನಿಂದ ಇಳಿದದ್ದನ್ನು ನೋಡಿ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಏನಮ್ಮ, ಆಸ್ಪತ್ರೆಗಾ? ಮಗಳಿಗೆ ಏನಂತೆ? ಮುಂದೇನಂತೆ?"

ಮಗಳು ಗಂಟು ಎತ್ತುತ್ತಿದ್ದವಳು ಹಾಗೇ ನಿಂತಳು.

ನಾನು ಬೆನ್ನು ನೆಟ್ಟಗೆ ಮಾಡಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ, "ನನಗೆ ಗೊತ್ತಿಲ್ಲ ಮೇಷ್ಟ್ರೇ."

ಮೇಷ್ಟ್ರು ತಮಾಷೆ ಎಂದುಕೊಂಡು ನಕ್ಕರು. ನಾನು ಅವರ ಹೊಸ ಅಂಗಿಯನ್ನು ಮಡಿಕೆ ಮುರಿಯದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ.